ಅಪ್ಪನ ಒಂಟೆ, ಅವ್ವನ ಹೊತ್ತು

ನಮ್ಮ ಅಪ್ಪ ಕಟ್ಟಿದ ಗಾಡಿಯನ್ನು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಮೂಡಲಗಿಯ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತು, "ಏನ ಗಾಡಿ ಇತ್ರಿ ಅದು, ನಿಮ್ಮ ಅಪ್ಪಾರ ಕೈಯಾಗ ಕಲಾ ಇತ್ತು" ಎನ್ನುವವರು ಇನ್ನೂ ಇದ್ದಾರೆ. ಅವರಾರೂ ಅದನ್ನು ಒಂದು ದಿನವೂ ನೂಕಿದವರಲ್ಲ. ನೂಕಿದವಳು ನಾನು. ಗಾಲಿಗೆ ಕಲ್ಲು ಕೊಟ್ಟವಳು, ಯಾರದೋ ಹೊಲದ ಬಾವಿಯಿಂದ ರೇಡಿಯೇಟರಿಗೆ ನೀರು ಹೊತ್ತು ತಂದವಳು, ಹೋಗಿಬರುವವರು ನಕ್ಕಾಗ ತಲೆ ತಗ್ಗಿಸಿ ನಿಂತವಳು ನಾನು. ಮನೆಗೆ ಒಬ್ಬಳೇ ಮಗಳಾಗಿ ಹುಟ್ಟಿದ್ದಕ್ಕೆ ಸಿಕ್ಕ ಆಸ್ತಿ ಇದು.

ಅಪ್ಪನದು ಹಿಟ್ಟಿನ ಗಿರಣಿ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಗಿರಣಿಯ ಹಿಂದಿನ ಬಯಲಿನಲ್ಲಿ ಅವನು ಗಾಡಿ ಕಟ್ಟಲು ಕೂತ. ಕೈಯಲ್ಲಿ ನಾಲ್ಕು ದುಡ್ಡು ಸೇರಿದರೆ ಜನ ಮನೆ ಕಟ್ಟಿಸುತ್ತಾರೆ, ಹೊಲ ಹಿಡಿಯುತ್ತಾರೆ, ಮಗಳಿಗೆ ಬಂಗಾರ ಮಾಡಿಸುತ್ತಾರೆ. ಇವನು ಮಿಲಿಟರಿಯವರ ಲಿಲಾವಿನಲ್ಲಿ ಬಂದ ಹಳೇ ಜೀಪಿನ ಚಾಸಿ ತಂದ. ಕೊಲ್ಲಾಪುರದ ಗುಜರಿಯಿಂದ ಯಾವುದೋ ಟೆಂಪೋದ ಡೀಸೆಲ್ ಎಂಜಿನ್ ತಂದ. ಗೋಕಾಕದಲ್ಲಿ ಬಾಗಿಲು ಮುಚ್ಚಿದ ಒಂದು ಟಾಕೀಜಿನ ಬಾಲ್ಕನಿ ಕುರ್ಚಿಗಳನ್ನು ಹೊರಿಸಿಕೊಂಡು ಬಂದು ಸೀಟು ಮಾಡಿದ. ಮೈಗೆ ತಗಡು ಬಡಿಯಲು ಕರೆದದ್ದು ಜೋಳ ತುಂಬುವ ತಗಡಿನ ಕಣಜ ಮಾಡುವವನನ್ನು. ಆ ಪುಣ್ಯಾತ್ಮನಿಗೆ ಬರುತ್ತಿದ್ದದ್ದು ಕಣಜ ಒಂದೇ, ಹಾಗಾಗಿ ಗಾಡಿಗೂ ಕಣಜದ ಹೊಟ್ಟೆಯೇ ಬಂತು. ಗಿರಣಿಯ ಬಾಗಿಲಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣವನ್ನು ಬಳಿದು ಮುಗಿಸಿದರು.

ಟಪ್ಪಿಗೆ, ಅಂದರೆ ಗಾಡಿಯ ಚಾವಣಿಗೆ, ಮಾತ್ರ ಅಪ್ಪ ಎರಡು ಪದರ ತಗಡು ಹಾಕಿಸಿ, ಕೆಳಗೆ ಕಬ್ಬಿಣದ ಪಟ್ಟಿ ಕೊಡಿಸಿದ. "ಮ್ಯಾಲ ನಾಲ್ಕ ಚೀಲ ಜ್ವಾಳಾ ಹೇರಬೇಕು" ಎನ್ನುತ್ತಿದ್ದ. ನಾಲ್ಕು ಚೀಲ ಹಾಳಾಗಲಿ, ನಾಲ್ಕು ಸೇರು ಜೋಳವೂ ಅದರ ಮೇಲೆ ಎಂದೂ ಏರಲಿಲ್ಲ. ಸಾಲದ್ದಕ್ಕೆ, ಜೀಪಿನ ಗಾಲಿ ಸಣ್ಣವು ಅನ್ನಿಸಿ ದೊಡ್ಡ ಗಾಲಿ ಕೂರಿಸಿದ. ಗಾಡಿ ಎಷ್ಟು ಎತ್ತರವಾಯಿತೆಂದರೆ ಅವ್ವನಿಗೆ ಹತ್ತಲು ಕಟ್ಟಿಗೆಯ ಸ್ಟೂಲು ಬೇಕಾಯಿತು. ಆ ಸ್ಟೂಲೂ ನಮ್ಮ ಜೊತೆ ಎಲ್ಲ ಕಡೆ ತಿರುಗಿತು. ಮೂಡಲಗಿಯ ಜನ ಅದನ್ನು ನೋಡಿ ಒಂಟೆ ಎಂದು ಹೆಸರಿಟ್ಟರು. ಅಪ್ಪನಿಗೆ ಆ ಹೆಸರು ಕೇಳಿದರೆ ಸಿಟ್ಟು ಬರಬೇಕಿತ್ತು. ಅವನಿಗೆ ಹೆಮ್ಮೆ ಬಂತು.

ಒಂದು ಮಾತು ಒಪ್ಪಿಕೊಳ್ಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಓಡುವಾಗ ಅದು ಓಡುತ್ತಿತ್ತು. ಬಾನೆಟ್ಟಿನ ಎರಡೂ ಬಾಜೂ ತೆಗೆದು ಎಂಜಿನ್ ಹೊರಗೆ ಕಾಣುವ ಹಾಗೆ ಮಾಡಿ, ಅವ್ವನ ಹಳೇ ಸೀರೆಯ ತುಂಡಿನಿಂದ ಅದನ್ನು ಪಾತ್ರೆಯ ಹಾಗೆ ಹೊಳೆಯಿಸಿದ್ದ. ಗೋಕಾಕ ದಾಟಿ ಘಟಪ್ರಭೆಯ ಕಡೆ ನೆಟ್ಟಗಿನ ರಸ್ತೆ ಸಿಕ್ಕಿತೆಂದರೆ ಅಪ್ಪನ ಕಾಲು ಭಾರವಾಗುತ್ತಿತ್ತು. ಮುಂದೆ ಹೋಗುವ ಬಸ್ಸನ್ನು ಹಿಂದೆ ಹಾಕದೆ ಬಿಡುತ್ತಿರಲಿಲ್ಲ. ಬಸ್ಸಿನ ಕಿಡಕಿಗಳಲ್ಲಿ ತಲೆಗಳು ಹೊರಗೆ ಬರುತ್ತಿದ್ದವು. ಆಗ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮುಂದಿನ ಯಾವುದೋ ಗಿಡದ ಕೆಳಗೆ ನಮ್ಮ ಒಂಟೆ ಹೊಗೆ ಬಿಟ್ಟು ನಿಂತಿರುವಾಗ ಅದೇ ಬಸ್ಸು ಬಂದು, ಅವೇ ತಲೆಗಳು ಕೈಬೀಸಿ ಹೋಗುತ್ತಿದ್ದವು. ಅವ್ವ ಅದಕ್ಕೂ ನಗುತ್ತಿದ್ದಳು. ನಾನು ಇಳಿದು ಕಲ್ಲು ಹುಡುಕುತ್ತಿದ್ದೆ.

ಇಷ್ಟೇ ಆಗಿದ್ದರೆ ನಾನು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಆದರೆ ನಾವು ಜೈನರು, ಅವ್ವನಿಗೆ ನೇಮವಿತ್ತು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರೂ ಇಲ್ಲ. ಮದುವೆಯಾಗಿ ಬಂದ ವರ್ಷ ಹಿಡಿದ ನೇಮವದು. ಅಪ್ಪನಿಗೆ ಅಂಥದ್ದೇನೂ ಇರಲಿಲ್ಲ. ಮನೆಯಲ್ಲಿದ್ದರೆ ಅವ್ವನ ಜೊತೆ ಬೇಗ ಉಣ್ಣುತ್ತಿದ್ದ, ಗಿರಣಿಯಲ್ಲಿ ತಡವಾದ ದಿನ ತಾನೇ ಬುತ್ತಿ ತರಿಸಿಕೊಂಡು ಉಂಡು ಅವ್ವನಿಗೆ ಹೇಳಿ ಕಳಿಸುತ್ತಿದ್ದ. ಹೇಳಿ ಕಳಿಸಲೇಬೇಕಿತ್ತು. ಯಾಕೆಂದರೆ ಅವ್ವನಿಗೆ ಇನ್ನೊಂದು ರೂಢಿಯಿತ್ತು, ಅದನ್ನು ಯಾವ ಗುರುಗಳೂ ಕೊಟ್ಟಿರಲಿಲ್ಲ. ಗಂಡ ಉಂಡನೆಂದು ತಿಳಿಯದೆ ಅವಳು ತುತ್ತು ಮುಟ್ಟುತ್ತಿರಲಿಲ್ಲ.

ಈ ಎರಡರ ನಡುವೆ ಗಾಡಿಯನ್ನು ತಂದು ನಿಲ್ಲಿಸಿ ನೋಡಿ. ಅವ್ವನ ತವರು ಹುಕ್ಕೇರಿಯ ಹತ್ತಿರದ ಹಳ್ಳಿ. ಹೋಗಿ ಬರುವಾಗ ಸಂಜೆಯ ಕಡೆ ಗಾಡಿ ಎಲ್ಲೋ ಒಂದು ಕಡೆ ನಿಲ್ಲುವುದು ನಿಶ್ಚಯ. ಅಪ್ಪ ಬಾನೆಟ್ಟು ಎತ್ತಿ ಒಳಗೆ ತಲೆ ತೂರಿಸುವುದೂ ನಿಶ್ಚಯ. ಅವ್ವ ಬುತ್ತಿ ಕಟ್ಟಿಕೊಂಡೇ ಬಂದಿರುತ್ತಿದ್ದಳು, ಸೋಸಿದ ನೀರಿನ ತಂಬಿಗೆಯೂ ಇರುತ್ತಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ ಸೆರಗು ಹೊದ್ದು ಕೂರುತ್ತಿದ್ದಳು.

"ಅವ್ವ, ನೀ ಉಣ್ಣ. ಹೊತ್ತ ಇಳಿಯಾಕತ್ತೈತಿ" ಎಂದು ನಾನು ಹೇಳುತ್ತಿದ್ದೆ.

"ಅವರ ಕೈ ಕರ್ರಗ ಆಗೈತಿ ನೋಡ. ಈಗ ತೊಳಕೊಂಡ ಬರ್ತಾರ, ಕೂಡೇ ಉಣ್ಣೂಣು."

"ಅಪ್ಪಾ, ಬಂದ ಎರಡ ತುತ್ತ ತಿಂದ ಹೋಗ."

"ಇಕಾ, ಆತ ನೋಡ" ಎಂದು ಬಾನೆಟ್ಟಿನೊಳಗಿಂದ ದನಿ ಬರುತ್ತಿತ್ತು.

ಇಕಾ, ಆತು. ಈ ಎರಡು ಮಾತು ಕೇಳಿ ಕೇಳಿ ನನ್ನ ಬಾಲ್ಯ ಮುಗಿಯಿತು. ಅವನ "ಆತು" ಆಗುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಅವ್ವ ಬಿಚ್ಚದ ಬುತ್ತಿಯನ್ನು ಚೀಲಕ್ಕೆ ಹಾಕಿ, ಬಾಯಿ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಏಳುತ್ತಿದ್ದಳು. ಮರುದಿನ ಬೆಳಗಿನವರೆಗೆ ಅವಳ ಹೊಟ್ಟೆಗೆ ಏನೂ ಇಲ್ಲ. ನಾನು ಮಾತ್ರ ಕತ್ತಲಲ್ಲಿ ಸಿಟ್ಟಿನಿಂದ ರೊಟ್ಟಿ ಮುರಿದು ತಿನ್ನುತ್ತಿದ್ದೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ಬಾನೆಟ್ಟಿನೊಳಗಿರುವವನ ಮೇಲೋ, ಕಲ್ಲಿನ ಮೇಲೆ ಕೂತವಳ ಮೇಲೋ? ಒಬ್ಬ ಎದ್ದು ಬಂದರೆ ಆಯಿತು, ಇಲ್ಲವೆ ಇನ್ನೊಬ್ಬಳು ಬುತ್ತಿ ಬಿಚ್ಚಿದರೆ ಆಯಿತು. ಇಬ್ಬರೂ ಮಾಡುತ್ತಿರಲಿಲ್ಲ.

"ಒಮ್ಮೆರ ಮೊದಲ ಉಂಡರ ಏನ ಆಕ್ಕೈತಿ ನಿನಗ?" ಎಂದು ಒಂದು ಸಲ ಕೇಳಿದೆ.

"ಏನೂ ಆಗೂದಿಲ್ಲ. ಆದ್ರ ಅವರನ್ನ ಬಿಟ್ಟ ನಾ ಎಂದಾರ ಉಂಡೇನೇನ?"

ನಾನು ತಲೆ ಚಚ್ಚಿಕೊಂಡೆ.

ಹೀಗೇ ವರ್ಷಗಳು ಹೋದವು. ನಾನು ಓದು ಮುಗಿಸಿ, ಗೋಕಾಕದಲ್ಲಿ ಒಂದು ನೌಕರಿ ಹಿಡಿದು, ದಿನಾ ಬಸ್ಸಿನಲ್ಲಿ ಓಡಾಡತೊಡಗಿದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅವ್ವನಿಗೆ ಸಕ್ಕರೆ ಕಾಯಿಲೆ ಬಂತು. ಗೋಕಾಕದ ಡಾಕ್ಟರರು ಗುಳಿಗೆ ಬರೆದುಕೊಟ್ಟು ಬಿಡಿಸಿ ಹೇಳಿದರು. "ಸಂಜಿ ಗುಳಿಗಿ ತಗೊಂಡ ಮ್ಯಾಲ ಹೊಟ್ಟಿ ಖಾಲಿ ಇಡಬ್ಯಾಡ್ರಿ. ಕೈ ನಡಗಿದ್ರ, ಬೆವರ ಬಂದ್ರ, ಆಗಿಂದಾಗ ಸಕ್ರಿನೋ ಬೆಲ್ಲಾನೋ ಬಾಯಾಗ ಹಾಕ್ಕೋಬೇಕು. ಇಲ್ಲಂದ್ರ ಜೀವಕ್ಕ ಕಷ್ಟ."

"ಹೊತ್ತ ಮುಳಗಿದ ಮ್ಯಾಲ ಹಂಗ ಆದ್ರ?" ಎಂದು ಅವ್ವ ಕೇಳಿದಳು.

"ಹೊತ್ತ ನೋಡಿ ಸಕ್ರಿ ಇಳಿಯೂದಿಲ್ಲ್ರಿ ಅವ್ವಾರ."

ಅವ್ವ ಗೋಣು ಹಾಕಿದಳು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, "ನೇಮ ನಂದು, ಡಾಕ್ಟರರದಲ್ಲ" ಎಂದಳು. ಅಪ್ಪ ಕೇಳಿಸಿಕೊಂಡೂ ಕೇಳಿಸದವನ ಹಾಗೆ ಗಾಡಿಯ ಕಡೆ ನಡೆದ.

ಅವತ್ತಿನಿಂದ ನನ್ನ ಗಲಾಟೆ ಶುರುವಾಯಿತು. "ಒಂದ ಇದನ್ನ ಮಾರ, ಇಲ್ಲಾ ಅವ್ವನ್ನ ಇದರಾಗ ಕರಕೊಂಡ ಹೋಗೂದ ಬಿಡ" ಎಂದು ಕೂತಲ್ಲಿ ನಿಂತಲ್ಲಿ ಅಪ್ಪನ ತಲೆ ತಿಂದೆ. ಬೇಕಾದರೆ ನನ್ನ ಪಗಾರದಲ್ಲಿ ಒಂದು ಸರಿಯಾದ ಸೆಕೆಂಡ್‌ಹ್ಯಾಂಡ್ ಕಾರು ನೋಡೋಣ ಎಂದೆ.

"ಬಸ್ಸ ಕೆಟ್ಟ ನಿಲ್ಲೂದಿಲ್ಲೇನ?" ಎಂದು ಅಪ್ಪ ವಾದ ಹೂಡುತ್ತಿದ್ದ.

"ನಿಂತ್ರ ಹಿಂದ ಮತ್ತೊಂದ ಬರತೈತಿ. ನಿನ್ನ ಒಂಟಿ ಹಿಂದ ಏನ ಬರತೈತಿ?"

"ನೀ ಇರ್ತಿ ಅಲಾ, ನೂಕಾಕ."

ನಗುವುದಕ್ಕೆ ಮಾತ್ರ ಅವನಿಗೆ ಎಂದೂ ತಡವಾಗುತ್ತಿರಲಿಲ್ಲ.

ಆ ವರ್ಷ ಕಬ್ಬು ಕಟಾವಿಗೆ ಬಂದ ದಿನಗಳಲ್ಲಿ ನಾವು ಮೂವರೂ ಹುಕ್ಕೇರಿ ಕಡೆ ಅವ್ವನ ತಮ್ಮ, ನನ್ನ ಮಾಮಾನ ಮನೆಗೆ ಹೋಗಿದ್ದೆವು. ಹೊರಡುವಾಗ ಮಾಮಾ ತನ್ನ ಗಾಣದ ಹೊಸ ಬೆಲ್ಲದ ಒಂದು ಪೆಂಟಿ, ಅಂದರೆ ಎರಡೂ ಕೈಯಲ್ಲಿ ಎತ್ತುವಂಥ ಅಚ್ಚು, ತಂದು ನನ್ನ ತೊಡೆಯ ಮೇಲೆ ಇಟ್ಟ. "ಉಂಡ ಹೋಗ್ರಿ ಭಾವಾರ, ಅಡಗಿ ಆಗೈತಿ" ಎಂದು ಅಪ್ಪನಿಗೆ ಹೇಳಿದ.

"ಬ್ಯಾಡ ಬ್ಯಾಡ, ಹೊತ್ತ ಇರತನಾ ಮನಿ ಮುಟ್ಟತೇವಿ. ಗಾಡಿ ಇವತ್ತ ಹೂವಿನಂಗ ಐತಿ" ಎಂದ ಅಪ್ಪ.

"ಹಂಗಾರ ನಂದೂ ಊಟಾ ಮನ್ಯಾಗ" ಎಂದಳು ಅವ್ವ. ಮನೆ ಮುಟ್ಟಿದೊಡನೆ ಉಣ್ಣುತ್ತೇನೆಂದು ಅಲ್ಲಿಯೇ ಗುಳಿಗೆಯನ್ನೂ ನುಂಗಿದಳು. ನಾನು ಎಲೆ ಅಡಿಕೆ ತಟ್ಟೆಯ ಮುಂದೆ ಅತ್ತೆಯ ಜೊತೆ ಮಾತಿಗೆ ಕೂತಿದ್ದೆ, ಅವ್ವ ಗುಳಿಗೆ ನುಂಗಿದ್ದು ಗಾಡಿ ಹತ್ತಿದ ಮೇಲೆ ಗೊತ್ತಾಯಿತು. ಹಿಂದಕ್ಕೆ ತಿರುಗಿಸು ಎಂದರೆ ತಿರುಗಿಸುವವರು ಯಾರು, ಅಪ್ಪ ಆಗಲೇ ಒಂದು ಬಸ್ಸಿನ ಬೆನ್ನು ಹತ್ತಿದ್ದ.

ಧುಪದಾಳ ಇನ್ನೂ ಮುಂದಿರುವಾಗ, ತಗ್ಗಿನ ಒಂದು ಜಾಗದಲ್ಲಿ, ಹೂವಿನಂಥ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ರಸ್ತೆಯ ಎರಡೂ ಕಡೆ ಆಳೆತ್ತರ ಮೀರಿದ ಕಬ್ಬು. ಬಿಸಿಲು ರಸ್ತೆಗೆ ಬೀಳುವುದು ಆಗಲೇ ನಿಂತಿತ್ತು. ಅಪ್ಪ ಬಾನೆಟ್ಟು ಎತ್ತಿದ. ಹತ್ತಿರ ಮನೆಯಿಲ್ಲ, ಬಸ್ಸು ಆಗಷ್ಟೇ ನಮ್ಮನ್ನು ದಾಟಿ ಹೋಗಿತ್ತು. ಅವ್ವ ಇಳಿಯದೆ ಸೀಟಿಗೆ ಒರಗಿಕೊಂಡೇ ಕೂತಿದ್ದಳು. ಎಂದೂ ಹಾಗೆ ಕೂರುವವಳಲ್ಲ. ಮುಂದೆ ಬಾಗಿ ನೋಡಿದೆ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ತೊಡೆಯ ಮೇಲಿನ ಕೈಬೆರಳು ಕುಣಿಯುತ್ತಿದ್ದವು.

"ಅವ್ವ, ಬೆಲ್ಲಾ ತಿನ್ನ" ಎಂದೆ.

"ಹೊತ್ತ?" ಎಂದಳು. ನಾಲಿಗೆ ತೊಡರುತ್ತಿತ್ತು.

ನಾನು ಸುತ್ತ ನೋಡಿದೆ. ಎಲ್ಲಿ ನೋಡಿದರೂ ಕಬ್ಬು, ನೆರಳು. ಅವ್ವ ನನ್ನ ಮುಖ ನೋಡಿ ತಾನೇ ಉತ್ತರ ತೆಗೆದುಕೊಂಡಳು. "ಮುಳಗೇತಿ. ಬ್ಯಾಡ" ಎಂದು ತುಟಿ ಬಿಗಿದಳು. ನಾನು ಬೈದೆ, ಕೈ ಮುಗಿದೆ, ದೇವರ ಆಣೆ ಹಾಕಿದೆ. ಆ ತುಟಿ ಬಿಚ್ಚಲಿಲ್ಲ.

"ಅಪ್ಪಾ, ಅವ್ವಗ ನಡಕ ಬಂದೈತಿ. ಸುಡ ನಿನ್ನ ಗಾಡಿ ಅತ್ಲಾಗ, ಇಲ್ಲಿ ಬಾ" ಎಂದು ಚೀರಿದೆ.

ಅಪ್ಪ ಬಂದ. ಅವ್ವನ ಕೈ ಹಿಡಿದು ನೋಡಿದ. ಅವತ್ತು ಅವನ ಬಾಯಿಂದ "ಇಕಾ, ಆತು" ಬರಲಿಲ್ಲ. ಅವನ ಕಣ್ಣು ಮೇಲೆ ಹೋಯಿತು. ಕಬ್ಬಿನ ತುದಿಯ ಗರಿಗಳ ಮೇಲೆ ಸ್ವಲ್ಪ ಹಳದಿ ಬೆಳಕು ಇನ್ನೂ ಅಂಟಿಕೊಂಡಿತ್ತು. ಎತ್ತಿದ್ದ ಬಾನೆಟ್ಟು ಮುಚ್ಚಿ, ಗಾಲಿಯ ಮೇಲೆ ಕಾಲಿಟ್ಟು ಅದರ ಮೇಲೆ ಹತ್ತಿದ, ಬಾನೆಟ್ಟಿನಿಂದ ಟಪ್ಪಿನ ಮೇಲೆ ಹತ್ತಿ ನಿಂತ.

"ಐತಿ" ಎಂದ ಮೇಲಿಂದ. "ಇನ್ನೂ ಐತಿ. ಆಕಿನ್ನ ಕೊಡ ಮ್ಯಾಲ."

ಸ್ಟೂಲು ಹಾಕಿದೆ. ಅವ್ವ ಸಣ್ಣ ಜೀವ, ಪುಣ್ಯಕ್ಕೆ. ನಾನು ಕೆಳಗಿನಿಂದ ಎತ್ತಿದೆ, ಅಪ್ಪ ಮೇಲಿನಿಂದ ರಟ್ಟೆ ಹಿಡಿದು ಎಳೆದ. ಸ್ಟೂಲಿನಿಂದ ಬಾನೆಟ್ಟು, ಬಾನೆಟ್ಟಿನಿಂದ ಟಪ್ಪು. ಅಲ್ಲಿ ಅಪ್ಪ ಮೊಣಕಾಲೂರಿ ಕೂತು, ಅವಳನ್ನು ನಿಲ್ಲಿಸಿ, ಎರಡೂ ಕಾಲನ್ನು ತೋಳಿನಲ್ಲಿ ಅವುಚಿಕೊಂಡ. ಎರಡು ಪದರದ ತಗಡು ಇಬ್ಬರ ಭಾರಕ್ಕೂ ಒಂದಿಷ್ಟೂ ಬಾಗಲಿಲ್ಲ. ಅವ್ವ ಪಡುವಣಕ್ಕೆ ಮುಖ ಮಾಡಿದಳು. ಕೆಳಗಿನಿಂದ ನನಗೆ ಅವಳ ಗದ್ದದ ಮೇಲೆ ಬಿಸಿಲು ಕಂಡಿತು.

"ಐತಿ" ಎಂದಳು ಅವ್ವ.

ಬೆಲ್ಲದ ಪೆಂಟಿ ಕಲ್ಲಾಗಿತ್ತು. ಅಪ್ಪ ನಟ್ಟು ಬಿಚ್ಚುವ ಪಾನಾ ಗಾಲಿಯ ಹತ್ತಿರ ಬಿದ್ದಿತ್ತು. ವೇಲಿನಿಂದ ಅದರ ಮಸಿ ಒರೆಸಿ, ಎತ್ತಿ ಎರಡು ಏಟು ಹಾಕಿದೆ. ಸಿಡಿದ ತುಂಡನ್ನು ಮೇಲಕ್ಕೆ ಚಾಚಿದೆ. ಅವ್ವ ಬಾಗಿ ತೆಗೆದುಕೊಂಡಳು. ತೆಗೆದುಕೊಂಡು, ಅದನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದಳು.

ಸೂರ್ಯ ಅಲ್ಲಿ ಜಾರುತ್ತಿದ್ದಾನೆ, ಜೀವ ಇಲ್ಲಿ ಜಾರುತ್ತಿದೆ, ಗಾಡಿಯ ನೆತ್ತಿಯ ಮೇಲೆ ನಡುಗುತ್ತ ನಿಂತು ಈಕೆಗೆ ಗಂಡ ಮೊದಲು ತಿನ್ನಬೇಕು. "ಅವ್ವ, ಮೊದಲ ನೀ ತಿನ್ನ. ಇಬ್ಬರೂ ಕೂಡಿ ನನ್ನ ಕೊಲ್ಲಾಕತ್ತೀರಿ" ಎಂದೆ. ಅಳು ಬಂದಿತ್ತು, ಸಿಟ್ಟೂ ಬಂದಿತ್ತು.

ಅಪ್ಪ ಗಬಕ್ಕನೆ ಬಾಯಿ ಹಾಕಿ ತುಂಡು ಕಚ್ಚಿದ. "ತಿಂದೆ, ತಿಂದೆ ನೋಡ. ಈಗ ನೀ ತಿನ್ನ" ಎಂದ ತುಂಬಿದ ಬಾಯಲ್ಲಿ. ಆಮೇಲೆ ಅವ್ವ ತಿಂದಳು. ನಾನು ಒಡೆದು ಒಡೆದು ಕೊಟ್ಟೆ, ಅವಳು ತಿಂದಳು. ತಂಬಿಗೆ ಕೊಟ್ಟೆ, ನೀರು ಕುಡಿದಳು. ಗದ್ದದ ಮೇಲಿನ ಬಿಸಿಲು ಹಣೆಗೆ ಏರಿ, ಅಲ್ಲಿಂದಲೂ ಹೋಯಿತು. ಕೈಯಲ್ಲಿ ಉಳಿದ ಚೂರನ್ನು ಅವ್ವ ಸೆರಗಿನಲ್ಲಿ ಕಟ್ಟಿದಳು. ಸ್ವಲ್ಪ ಹೊತ್ತಿನ ಮೇಲೆ ಬೆರಳು ನಿಂತವು, ಮಾತು ಸರಿಯಾಯಿತು.

ಕಾರಖಾನೆಗೆ ಕಬ್ಬು ಹಾಕಿ ಬರುತ್ತಿದ್ದ ಖಾಲಿ ಟ್ರ್ಯಾಕ್ಟರ್ ಒಂದು ನಮ್ಮ ಪಕ್ಕ ನಿಧಾನಿಸಿತು. ಓಡಿಸುವವನು ತಲೆಯೆತ್ತಿ, "ಏನ್ರಿ ಕಾಕಾ, ಮ್ಯಾಲ ಏನ ಮಾಡಾಕತ್ತೀರಿ?" ಎಂದ.

"ಊಟಾ" ಎಂದ ಅಪ್ಪ.

ಆ ಟ್ರ್ಯಾಕ್ಟರು ನಮ್ಮನ್ನು ಹಗ್ಗ ಕಟ್ಟಿ ಘಟಪ್ರಭೆಯವರೆಗೆ ಎಳೆದು ತಂದಿತು. ದಾರಿಯುದ್ದಕ್ಕೂ ನಾನು ಕಾಯುತ್ತಿದ್ದೆ, ಟಪ್ಪಿನ ಗಟ್ಟಿತನದ ಬಗ್ಗೆ, ಗಾಡಿಯ ಎತ್ತರದ ಬಗ್ಗೆ ಅಪ್ಪ ಈಗ ಕೊಚ್ಚಿಕೊಳ್ಳುತ್ತಾನೆ, ಆಗ ಇವನಿಗೆ ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕು ಎಂದು. ಅವನು ಮುಂದಿನ ಹಗ್ಗವನ್ನೇ ನೋಡುತ್ತ ಸ್ಟೀರಿಂಗ್ ಹಿಡಿದಿದ್ದ. ಗಾಡಿಯನ್ನು ಅಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದ ಮೇಲೆ ನನ್ನೊಬ್ಬಳಿಗೆ ಕೇಳುವ ಹಾಗೆ, "ಆಕಿ ಕಾಲ ನಡಗಾಕತ್ತಿದ್ದುವು. ಹಿಡದಿದ್ನೆಲಾ, ಗೊತ್ತಾತು" ಎಂದ.

ಮರುದಿನ ಗಾಡಿಯನ್ನು ರಿಪೇರಿ ಮಾಡಿಸಿ ತಂದು ಗಿರಣಿಯ ಪಕ್ಕದ ಬೇವಿನ ಕೆಳಗೆ ನಿಲ್ಲಿಸಿ, ಮೇಲೆ ತಾಡಪತ್ರಿ ಹೊದಿಸಿದ. ಆಮೇಲೆ ಅವ್ವನನ್ನು ಎಲ್ಲಿಗೆ ಕರೆದುಕೊಂಡು ಹೋದರೂ ಬಸ್ಸಿನಲ್ಲೇ. ಬಸ್ಸಿನ ಸೀಟಿನಲ್ಲಿ ಮೊಣಕಾಲು ಕೂಡಿಸಿ, ಕೈ ಕಟ್ಟಿಕೊಂಡು, ಬೇರೆಯವರ ಮನೆಗೆ ಬಂದವನ ಹಾಗೆ ಕೂರುತ್ತಿದ್ದ. ಮಾರುವ ಮಾತನ್ನೂ ಅವನೇ ತೆಗೆದ. ಗುಜರಿಯವನಿಗೆ ಬರಲು ಹೇಳಿದ್ದೇನೆ ಎಂದ.

ನಾನು ಗೆದ್ದಿದ್ದೆ. ಇಷ್ಟು ವರ್ಷ ಹೊಡೆದಾಡಿ ಗೆದ್ದವಳಿಗೆ ಒಂದು ಸಂತೋಷವಾದರೂ ಬೇಡವೇ? ಅದೂ ಇಲ್ಲ. ಸಂಜೆಯಾದರೆ ಅಪ್ಪ ಪಾನಾ ಹಿಡಿಯುವ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅಡುಗೆಮನೆಗೆ ಬಂದು ನಿಲ್ಲುತ್ತಿದ್ದ. ಹಿಟ್ಟು ಹೀಗೆ ನಾದು, ಒಲೆ ಹಾಗೆ ಹಚ್ಚು ಎಂದು ಅವ್ವನಿಗೆ ಬುದ್ಧಿ ಹೇಳುತ್ತಿದ್ದ. ಅವನು ನಿದ್ದೆಯಲ್ಲಿ ಕೂಡ ಬಸ್ಸು ಹಿಂದೆ ಹಾಕುವವನು. ಅವನನ್ನು ಹಾಗೆ ನೋಡಲು ನನಗೆ ಆಗುತ್ತಿರಲಿಲ್ಲ. ಬೇವಿನ ಕೆಳಗಿನ ಆ ತಾಡಪತ್ರಿಯ ಗುಡ್ಡೆಯನ್ನು ದಾಟಿ ಬಸ್ಸಿಗೆ ಹೋಗುವಾಗ ನನಗೇ ಒಂಥರಾ ಆಗುತ್ತಿತ್ತು. ಅದರ ಮೇಲೆ ನನಗೆ ಪ್ರೀತಿಯಿತ್ತು, ಏನು ಮಾಡಲಿ. ಹಾಳಾದ್ದು ನನ್ನ ಜೊತೆಗೇ ಬೆಳೆದದ್ದು.

ಗುಜರಿಯವನು ಬರಬೇಕಾಗಿದ್ದ ದಿನದ ಹಿಂದಿನ ದಿನ, ಬಿಸಿಲು ಇನ್ನೂ ಅಂಗಳದಲ್ಲಿರುವಾಗ, ಅವ್ವ ಅಡುಗೆ ಮುಗಿಸಿದಳು. ಒಂದೇ ತಾಟು ಹಾಕಿಕೊಂಡಳು. ಅಪ್ಪ ಆಗತಾನೆ ಗಿರಣಿಯಿಂದ ಬಂದು, ಮೈಮೇಲೆ ಹಿಟ್ಟು ಹಾಗೇ ಇರುವಂತೆ ಬಾಗಿಲಲ್ಲಿ ನಿಂತಿದ್ದ. ಅವನು ಉಂಡಿಲ್ಲ, ಉಂಡಿಲ್ಲವೆಂದು ಅವಳಿಗೆ ಗೊತ್ತು. ಅವ್ವ ಗುಳಿಗೆ ನುಂಗಿ, ಗೋಡೆಗೆ ಒರಗಿ ಕೂತು, ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡಳು. ನಾನು ಕೈಯಲ್ಲಿದ್ದ ಚಹಾದ ಕಪ್ಪನ್ನು ಹಾಗೇ ಹಿಡಿದುಕೊಂಡು ನೋಡಿದೆ. ಅಪ್ಪನೂ ನೋಡಿದ. ಮದುವೆಯಾದಾಗಿನಿಂದ ಅವನು ಅದನ್ನು ನೋಡಿರಲಿಲ್ಲ. ಅವ್ವ ಯಾರ ಮುಖವನ್ನೂ ನೋಡದೆ, ಅವಸರವಿಲ್ಲದೆ, ಪಲ್ಯ ಹಚ್ಚಿ ಹಚ್ಚಿ ಎರಡು ರೊಟ್ಟಿ ಉಂಡಳು. ಮೇಲೆ ಮಜ್ಜಿಗೆ ಕುಡಿದಳು. ತಾಟು ತೊಳೆದಿಟ್ಟು, ಬಾಗಿಲ ಹಿಂದಿನ ಸ್ಟೂಲು ಎತ್ತಿಕೊಂಡಳು.

"ನಂದ ಊಟಾ ಆತ್ರಿ" ಎಂದಳು. "ಗಾಡಿ ತಗೀರಿ."

ಅಪ್ಪ ಮೈಮೇಲಿನ ಹಿಟ್ಟು ಕೊಡವಿಕೊಂಡ. "ಎಲ್ಲಿಗೆ?" ಎಂದ.

"ಎಲ್ಲಿ ನಿಲ್ಲತೈತಿ ಅಲ್ಲಿಗೆ."

ಇಷ್ಟೇ ಇತ್ತು. ಇಷ್ಟು ಸರಳವಾಗಿತ್ತು. ಇಷ್ಟಕ್ಕಾಗಿ ನಾನು ಅಷ್ಟು ವರ್ಷ ಗಂಟಲು ಹರಿದುಕೊಂಡಿದ್ದೆ. ತಾಡಪತ್ರಿ ತೆಗೆದು ಅಪ್ಪ ಸ್ಟೀರಿಂಗ್ ಹಿಡಿದ, ಅವ್ವ ಸ್ಟೂಲಿನ ಮೇಲೆ ಕಾಲಿಟ್ಟು ಬಾಲ್ಕನಿ ಕುರ್ಚಿಯಲ್ಲಿ ಹೋಗಿ ಕೂತಳು. ಇಷ್ಟು ದಿನ ನಿಂತ ಗಾಡಿ, ಬ್ಯಾಟರಿ ಎಲ್ಲಿಂದ ಬರಬೇಕು, ಕಿಟಕ್ ಎಂದು ಸುಮ್ಮನಾಯಿತು. ಇಬ್ಬರೂ ಒಟ್ಟಿಗೆ ಹಿಂದಕ್ಕೆ ತಿರುಗಿ ನನ್ನ ಕಡೆ ನೋಡಿದರು. ನಾನು ವೇಲನ್ನು ನಡುವಿಗೆ ಬಿಗಿದು, ಬೈದುಕೊಳ್ಳುತ್ತಲೇ ಹಿಂದೆ ಹೋಗಿ, ಆ ಬಿಸಿ ತಗಡಿಗೆ ಹೆಗಲು ಕೊಟ್ಟೆ.